ಡಿಸ್ಕ್ ಇಲ್ಲದ ಡಬ್ಬಿ ಉಡುಗೊರೆ ಅಲ್ಲ ಸ್ವಾಮಿ!

ದೀಪಾವಳಿ ಹತ್ತಿರ ಬಂತು ಅಂದ್ರೆ ನಮ್ಮಂಥ ಮುಂಬಯಿ ಕನ್ನಡಿಗರಿಗೆ ಎರಡೇ ಚಿಂತೆ. ಒಂದು, ಊರಿಗೆ ಹೋಗೋ ರೈಲಿನ ಟಿಕೆಟ್ಟು. ಇನ್ನೊಂದು, ಊರಲ್ಲಿರೋ ಅಕ್ಕನ ಮಗನಿಗೆ ಏನು ಒಯ್ಯೋದು ಅನ್ನೋದು. ಈಗಿನ ಮಕ್ಕಳು ಶರ್ಟಿನ ಬಟ್ಟೆಗೆಲ್ಲ ಖುಷಿಪಡೋರಲ್ಲ. "ಮಾಮಾ, ಪ್ಲೇಸ್ಟೇಷನ್ ತಗೊಂಡ್ ಬಾ" ಅಂತ ನೇರವಾಗಿ ಕೇಳ್ತಾರೆ. ಕೇಳಲಿ ಬಿಡಿ, ಆಟ ಆಡಿದ ಮಾತ್ರಕ್ಕೆ ಮಕ್ಕಳು ಹಾಳಾಗ್ತಾರೆ ಅನ್ನೋ ಪೈಕಿ ನಾನಲ್ಲ. ನನ್ನ ಜಗಳ ಇರೋದು ಅಂಗಡಿಯಲ್ಲಿ ನಮ್ಮ ಕೈಗೆ ತುರುಕೋ ಆ ಡಿಸ್ಕ್ ಡ್ರೈವ್ ಇಲ್ಲದ ಅಗ್ಗದ ಮಾದರಿಯ ಜೊತೆ.

"ಡಿಸ್ಕ್ ಎಲ್ಲ ಹಳೇ ಕಾಲದ್ದು ಸರ್, ಈಗೆಲ್ಲ ಡೌನ್‌ಲೋಡು" ಅಂತಾನೆ ಅಂಗಡಿಯವ. ಲೆಕ್ಕ ಹಾಕೋಣ. ಪಿಎಸ್5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ. ಆಗ ಡಿಸ್ಕ್ ಇರೋದಕ್ಕೆ 49,990 ರೂಪಾಯಿ, ಇಲ್ಲದ್ದಕ್ಕೆ 39,990. ಹತ್ತು ಸಾವಿರ ಉಳೀತು ಅಂತ ಹಿಗ್ಗಬೇಡಿ. ಆಗಲೇ ಸೋನಿಯ ಒಂದು ದೊಡ್ಡ ಆಟಕ್ಕೆ 4,999 ರೂಪಾಯಿ ಇತ್ತು. ಡಿಸ್ಕ್ ಆದರೆ ಆಡಿ ಮುಗಿಸಿ ಮಾರಬಹುದು, ಗೆಳೆಯನ ಜೊತೆ ಬದಲಾಯಿಸಬಹುದು, ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು. ಡೌನ್‌ಲೋಡ್ ಮಾಡಿದ ಆಟವನ್ನು ಯಾರಿಗೆ ಮಾರ್ತೀರಿ? ಮೂರು ನಾಲ್ಕು ಆಟಕ್ಕೆ ಆ ಉಳಿತಾಯ ಮಂಗಮಾಯ.

ಇನ್ನು ನೆಟ್ಟಿನ ಕಥೆ. ಈಗಿನ ಕೆಲವು ಆಟಗಳು 100 ಜಿಬಿ ದಾಟುತ್ತವೆ. ಊರಲ್ಲಿ ಮೊಬೈಲಿಗೆ ದಿನಕ್ಕೆ 2 ಜಿಬಿ ಪ್ಯಾಕ್ ಹಾಕಿಸಿಕೊಂಡಿರೋ ಮನೆಯಲ್ಲಿ ಒಂದು ಆಟ ಇಳಿಯೋಕೆ ಐವತ್ತು ದಿನ ಬೇಕು! ನಡುವೆ ಕರೆಂಟು ಬೇರೆ ಹೋಗ್ತಿರುತ್ತೆ. "ತಿಂಗಳ ಚಂದಾ ಕಟ್ಟಿದರೆ ನೂರಾರು ಆಟ ಸಿಗುತ್ತಲ್ಲ" ಅಂತೀರಾ? ನಿಮ್ಮ ಮನೆಗಾದರೆ ಸರಿ, ಕಟ್ಟೋರು ನೀವೇ. ಉಡುಗೊರೆಯ ಜೊತೆ ಅಕ್ಕನ ತಲೆಗೆ ತಿಂಗಳ ಬಿಲ್ಲು ಕಟ್ಟಿ ಬರೋದು ಯಾವ ಪ್ರೀತಿ?

ದುಡ್ಡಿಗಿಂತ ದೊಡ್ಡ ಮಾತು ಒಂದಿದೆ. 90ರ ದಶಕದಲ್ಲಿ ಇಲ್ಲಿನ ಚಾಳು, ಕಾಲೊನಿಗಳಲ್ಲಿ ಆ ಎಂಟು ಬಿಟ್ಟಿನ ಕ್ಯಾಸೆಟ್ಟುಗಳು ಮನೆಯಿಂದ ಮನೆಗೆ ಓಡಾಡ್ತಿದ್ದವು. ಮೇಲೆ 9999 ಆಟ ಅಂತ ಬರೆದಿರ್ತಿತ್ತು, ಒಳಗಿದ್ದದ್ದು ಹತ್ತಿಪ್ಪತ್ತು, ಆ ಮಾತು ಬೇರೆ. ಆದರೆ ಕೊಟ್ಟು ತಗೊಳ್ಳೋದರಲ್ಲೇ ಅರ್ಧ ಸ್ನೇಹ ಹುಟ್ಟುತ್ತಿತ್ತು. ಡಿಸ್ಕ್ ಇಲ್ಲದ ಡಬ್ಬಿ ಕಿತ್ತುಕೊಳ್ಳೋದು ಇದನ್ನೇ.

ಕಂಪನಿಗಳಿಗೆ ಇದು ಗೊತ್ತಿಲ್ಲ ಅಂದ್ಕೋಬೇಡಿ. 2013ರಲ್ಲಿ ಮೈಕ್ರೋಸಾಫ್ಟ್, ಎಕ್ಸ್‌ಬಾಕ್ಸ್ ಒನ್‌ನಲ್ಲಿ ಆಟ ಎರವಲು ಕೊಡೋದಕ್ಕೂ ಮಾರೋದಕ್ಕೂ ಕಟ್ಟುಪಾಡು ಹಾಕಲು ಹೊರಟಿತ್ತು. ಜನ ಉಗಿದರು, ಅದೇ ಜೂನ್‌ನಲ್ಲಿ ಹಿಂದೆ ಸರಿಯಿತು. ಆಗ ಸೋನಿಯವರು ಒಂದು ಪುಟ್ಟ ವಿಡಿಯೋ ಮಾಡಿ ಗೇಲಿ ಮಾಡಿದ್ದರು: ಆಟ ಹಂಚಿಕೊಳ್ಳೋದು ಹೇಗೆ? ಒಬ್ಬ ಡಿಸ್ಕಿನ ಡಬ್ಬಿ ಇನ್ನೊಬ್ಬನ ಕೈಗೆ ಕೊಡ್ತಾನೆ, ಅಷ್ಟೇ. ಅದೇ ಸೋನಿ 2024ರ ನವೆಂಬರ್‌ನಲ್ಲಿ ಹೊರಗೆ ತಂದ ಅತಿ ದುಬಾರಿ ಪಿಎಸ್5 ಪ್ರೊದಲ್ಲಿ ಡಿಸ್ಕ್ ಡ್ರೈವೇ ಇಲ್ಲ, ಬೇಕಾದರೆ ಬೇರೆ ಕೊಂಡು ಜೋಡಿಸ್ಕೋಬೇಕು. ಹೇಗಿದೆ?

"ಡಿಸ್ಕ್ ಗೀರಾಗುತ್ತೆ, ಕಳೆದುಹೋಗುತ್ತೆ" ಅನ್ನೋರಿದ್ದಾರೆ. ಆಗಲಿ. ಹುಡುಗ ಕಳೆದರೆ ಅದು ಅವನ ತಪ್ಪು, ಮುಂದಿನ ಸಲ ಜೋಪಾನ ಮಾಡ್ತಾನೆ. ಆದರೆ ಅಂಗಡಿಯನ್ನೇ ಮುಚ್ಚಿದರೆ? 2023ರ ಮಾರ್ಚ್‌ನಲ್ಲಿ ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಗೆ ಬಾಗಿಲು ಹಾಕಿತು, ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಕೊಳ್ಳೋ ದಾರಿಯೇ ಹೋಯ್ತು. ಕ್ಯಾಲಿಫೋರ್ನಿಯಾದಲ್ಲಂತೂ 2025ರಿಂದ ಕಾನೂನೇ ಇದೆ: ಇಂಥ ಡಿಜಿಟಲ್ ಮಾಲು ಮಾರುವಾಗ, ನೀವು ಕೊಳ್ಳುತ್ತಿರೋದು ಬರೀ ಬಳಸೋ ಪರವಾನಗಿ ಅಂತ ಸ್ಪಷ್ಟವಾಗಿ ಹೇಳಬೇಕು.

ಹಾಗಂತ ಡಿಸ್ಕೇ ದೇವರು ಅಂತಲ್ಲ. ಯೂಬಿಸಾಫ್ಟ್‌ನ 'ದಿ ಕ್ರೂ' ಆಟದ ಸರ್ವರ್ 2024ರ ಮಾರ್ಚ್ 31ಕ್ಕೆ ನಿಂತಾಗ ಡಿಸ್ಕ್ ಇಟ್ಟುಕೊಂಡವರ ಕೈಯಲ್ಲೂ ಉಳಿದದ್ದು ಪ್ಲಾಸ್ಟಿಕ್ ಚೂರು. ಅದಕ್ಕೇ ನೆಟ್ ಇಲ್ಲದೆ ನಡೆಯೋ ಆಟವನ್ನೇ ಆರಿಸಿ.

ಇಷ್ಟು ಮಾಡಿ ಸಾಕು. ಡಿಸ್ಕ್ ಡ್ರೈವ್ ಇರೋ ಯಂತ್ರ ಕೊಳ್ಳಿ, ಹೊಸದು ಕೈಗೆಟುಕದಿದ್ದರೆ ಹಳೇ ಪಿಎಸ್4 ಆದರೂ ಪರವಾಗಿಲ್ಲ. ಜೊತೆಗೆ ಎರಡನೇ ಕಂಟ್ರೋಲರ್ ಒಂದು, ಪಕ್ಕದ ಮನೆ ಹುಡುಗ ಬರೀ ನೋಡ್ತಾ ಕೂರೋದು ಬೇಡ. ಇಬ್ಬರು ಆಡೋ ಎರಡು ಡಿಸ್ಕು, ವಾರಂಟಿಗೆ ಬಿಲ್ಲು. ಕೊಟ್ಟ ವಸ್ತು ಕೊಟ್ಟವರದ್ದೂ ಅಲ್ಲ, ಕಂಪನಿಯದ್ದೂ ಅಲ್ಲ, ತಗೊಂಡ ಮಗುವಿನದ್ದು ಆಗಬೇಕು. ಅದು ತನ್ನಿಷ್ಟ ಬಂದವರಿಗೆ ಎರವಲು ಕೊಡಲಾಗದಿದ್ದರೆ, ನೀವು ಕೊಟ್ಟದ್ದು ಉಡುಗೊರೆಯಲ್ಲ, ಬಾಡಿಗೆ ಸಾಮಾನು.

ಏನಂತೀರಿ? ಒಪ್ಪದವರು ಧಾರಾಳವಾಗಿ ಜಗಳಕ್ಕೆ ಬನ್ನಿ, ನಾನಂತೂ ರೆಡಿ.