ಸಭೆ ಕೂಡಿತು, ಚರ್ಚೆಯೂ ನಡೆಯಲಿ

ಪುಣೆ ಮಹಾನಗರಪಾಲಿಕೆಯ ಚುನಾಯಿತ ಸಭೆಯ ಅವಧಿ 2022ರ ಮಾರ್ಚಿನಲ್ಲಿ ತೀರಿತು. ಅವಧಿ ತೀರುವ ಮುನ್ನವೇ ಹೊಸ ಚುನಾವಣೆ ಮುಗಿದಿರತಕ್ಕದ್ದೆಂಬುದು ಸಂವಿಧಾನದ 243ಯು ವಿಧಿಯ ಕಟ್ಟಳೆ. ಆದರೆ ಮೀಸಲಾತಿ ಹಾಗೂ ಪ್ರಭಾಗ ರಚನೆಯ ವ್ಯಾಜ್ಯಗಳಲ್ಲಿ ಸಿಕ್ಕಿ, ಮತದಾನ ನಡೆದುದು 2026ರ ಜನವರಿ 15ರಂದು. ಸ್ಥಾಯೀ ಸಮಿತಿ ಪರಾಮರ್ಶಿಸಿ ಸಾಮಾನ್ಯ ಸಭೆ ಒಪ್ಪಬೇಕಾದ ಆಯವ್ಯಯವು ಅಷ್ಟು ಕಾಲವೂ ಒಬ್ಬ ಆಡಳಿತಾಧಿಕಾರಿಯ ಕೈಯಲ್ಲೇ ರೂಪುಗೊಂಡು ಮಂಜೂರಾಯಿತು. ನಳ, ಗಟಾರ, ರಸ್ತೆಗಳ ಕೆಲಸ ನಿಂತಿತೆಂದು ನಾವು ಹೇಳುವುದಿಲ್ಲ; ‘ಏಕೆ?’ ಎಂದು ಅಧಿಕಾರದಿಂದ ಕೇಳುವ ಸಭೆ ಇರಲಿಲ್ಲ.

ಈಗ 41 ಪ್ರಭಾಗಗಳಿಂದ 165 ನಗರಸೇವಕರು ಬಂದಿದ್ದಾರೆ. ಒಂದೊಂದು ಪ್ರಭಾಗಕ್ಕೆ ನಾಲ್ವರು, ಒಂದಕ್ಕೆ ಐವರು. ದೂರು ಹೇಳಲು ಹೋದವನನ್ನು ಒಬ್ಬರು ಇನ್ನೊಬ್ಬರತ್ತ ಕಳುಹಿಸುವುದು ಇಲ್ಲಿ ಸುಲಭ. ಆದ್ದರಿಂದ 243ಎಸ್ ವಿಧಿ ಹೇಳುವ ವಾರ್ಡು ಸಮಿತಿಗಳು ತಪ್ಪದೆ ಕೂಡಬೇಕು. ಅಲ್ಲಿ ಯಾರು ಏನೆಂದರೆಂಬುದು ಪ್ರಕಟವಾಗಬೇಕು. ಕೈಯೆತ್ತುವುದಷ್ಟೇ ಪ್ರಾತಿನಿಧ್ಯವಲ್ಲ.

ನಮ್ಮವರ ಹೊಣೆಯೂ ಉಂಟು. ಸಾಮಾನ್ಯವಾಗಿ ವಾಸಿಸುವ ಊರಿನ ಪಟ್ಟಿಯಲ್ಲೇ, ಅದೂ ಒಂದೇ ಕಡೆ, ಹೆಸರಿರಬೇಕೆಂದು 1950ರ ಪ್ರಜಾಪ್ರಾತಿನಿಧ್ಯ ಕಾಯಿದೆ ವಿಧಿಸಿದೆ. ಹೋಟೆಲು ಕೋಣೆಗಳಲ್ಲಿ ವರ್ಷಗಟ್ಟಲೆ ನೆಲೆಸಿದ ಎಷ್ಟೋ ಸಹೋದರರ ಹೆಸರು ಇನ್ನೂ ಕುಂದಾಪುರ, ಉಡುಪಿ ಕಡೆಯ ಪಟ್ಟಿಯಲ್ಲಿದೆ. ಊರಿನ ನಂಟನ್ನು ಬಿಡಿರೆಂದು ನಾವು ಹೇಳೆವು. ಆದರೆ ಕುಡಿಯುವ ನೀರು ಇಲ್ಲಿಯದಾಗಿ ಮತ ಅಲ್ಲಿಯದಾದರೆ, ಇಲ್ಲಿಯ ನೀರಿನ ಪ್ರಶ್ನೆಯಲ್ಲಿ ನಮ್ಮ ಪರವಾಗಿ ಮಾತನಾಡುವ ಹಂಗು ಯಾರಿಗಿದ್ದೀತು?