ಆಕೃತಿ ಉಳಿದರೆ ಸಾಲದು

ಯಂತ್ರಶಿಲ್ಪಿಯ ನಕಾಶೆಯ ಹಲಗೆಯ ಸ್ಥಾನವನ್ನು ಗಣಕಯಂತ್ರವು ಆಕ್ರಮಿಸಿದಂದಿನಿಂದ, ಒಮ್ಮೆ ರಚಿಸಿಟ್ಟ ವಿನ್ಯಾಸವನ್ನು ಯಾರು ಬೇಕಾದರೂ ಎಂದು ಬೇಕಾದರೂ ಮರಳಿ ಬಳಸಿಕೊಳ್ಳಬಹುದೆಂಬ ನಂಬಿಕೆಯು ನಮ್ಮಲ್ಲಿ ಬೇರೂರಿರುವುದು. ಆ ನಂಬಿಕೆಗೆ ತೆರಬೇಕಾದ ಬೆಲೆಯೇನೆಂಬುದನ್ನು ಏರ್‌ಬಸ್ ಸಂಸ್ಥೆಯ ಎ380 ವಿಮಾನದ ವೃತ್ತಾಂತದಿಂದ ಅರಿಯಬಹುದು. 500 ಕಿಲೋಮೀಟರನ್ನು ಮೀರಿದ ವಿದ್ಯುತ್ ತಂತಿಯನ್ನು ಒಡಲಲ್ಲಿ ಹೊತ್ತ ಆ ಮಹಾವಿಮಾನಕ್ಕಾಗಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಸಿದ್ಧಪಡಿಸಿದ ತಂತಿಯ ಕಟ್ಟುಗಳನ್ನು ಫ್ರಾನ್ಸಿನ ಟುಲೂಸಿನಲ್ಲಿ ಜೋಡಿಸಹೊರಟಾಗ, ಅವುಗಳಲ್ಲಿ ಕೆಲವು ಸೇರಬೇಕಾದ ಸ್ಥಾನವನ್ನು ಮುಟ್ಟಲಾರದಷ್ಟು ಗಿಡ್ಡವಾಗಿದ್ದುವು. ಹ್ಯಾಂಬರ್ಗಿನವರು ಕಾಟಿಯಾ ಎಂಬ ವಿನ್ಯಾಸ ತಂತ್ರಾಂಶದ 4ನೆಯ ಆವೃತ್ತಿಯನ್ನು, ಟುಲೂಸಿನವರು 5ನೆಯದನ್ನು ಬಳಸುತ್ತಿದ್ದರು. ಹೆಸರು ಒಂದೇ ಆದರೂ ಒಳರಚನೆ ಬೇರೆಯಾಗಿದ್ದುದರಿಂದ ಒಂದರ ಮಾಹಿತಿಯು ಮತ್ತೊಂದಕ್ಕೆ ಅವಿಕಲವಾಗಿ ದಾಟಲಿಲ್ಲ. 2006ರ ಜೂನಿನಲ್ಲಿ ವಿಳಂಬದ ವಾರ್ತೆ ಹೊರಬಿದ್ದಾಗ ಮಾತೃಸಂಸ್ಥೆಯ ಷೇರಿನ ಬೆಲೆ ಒಂದೇ ದಿನದಲ್ಲಿ ಕಾಲುಭಾಗಕ್ಕೂ ಮಿಗಿಲಾಗಿ ಕುಸಿಯಿತು. ಮೊದಲ ವಿಮಾನವು ಸಿಂಗಪುರದ ವಿಮಾನಯಾನ ಕಂಪೆನಿಯ ಕೈಸೇರಿದ್ದು 2007ರ ಅಕ್ಟೋಬರಿನಲ್ಲಿ.

ದೋಷವನ್ನು ತಂತ್ರಾಂಶದ ತಲೆಗೆ ಕಟ್ಟುವುದು ಸುಲಭ. ಆದರೆ ಒಂದೇ ವಸ್ತುವನ್ನು ನಿರ್ಮಿಸುವವರು ಒಂದೇ ಪದ್ಧತಿಗೆ ಬದ್ಧರಾಗಿರಬೇಕೆಂದು ಕಟ್ಟುಮಾಡುವ ಹೊಣೆ ತಂತ್ರಾಂಶದ್ದಲ್ಲ, ಆಡಳಿತದ್ದು.

ಇಂತಹ ತೊಡಕಿಗೆ ಪರಿಹಾರವಾಗಿ ಸ್ಟೆಪ್ ಎಂಬ ಅಂತರರಾಷ್ಟ್ರೀಯ ಮಾನಕವು 1994ರಿಂದಲೇ ಪ್ರಚಾರದಲ್ಲಿದೆ. ಯಾವ ಕಂಪೆನಿಗೂ ಸೇರದ ಈ ಮಾನಕದ ಕಡತವನ್ನು ಬಹುತೇಕ ಎಲ್ಲ ವಿನ್ಯಾಸ ತಂತ್ರಾಂಶಗಳೂ ಓದಬಲ್ಲವು. ಆದರೆ ಸಾಮಾನ್ಯ ಬಳಕೆಯಲ್ಲಿ ಅದು ಹೊತ್ತು ತರುವುದು ಆಕೃತಿಯನ್ನು ಮಾತ್ರ. ಈ ರಂಧ್ರವನ್ನು ಅಂಚಿನಿಂದ ಇಷ್ಟು ದೂರವಿಟ್ಟುದೇಕೆ, ಆ ಗೋಡೆಯನ್ನು ಎರಡು ಮಿಲಿಮೀಟರು ದಪ್ಪಗೊಳಿಸಿದುದು ಯಾವ ಪರೀಕ್ಷೆಯಲ್ಲಿ ಬಿರುಕು ಕಂಡ ಮೇಲೆ ಎಂಬ ಕಾರಣವನ್ನು ಅದು ಅರಿಯದು. ಕಾರಣವನ್ನರಿಯದ ಹೊಸ ಇಂಜಿನಿಯರು ಹಳೆಯ ವಿನ್ಯಾಸವನ್ನು ಮುಟ್ಟಲು ಅಂಜಿ ಎಲ್ಲವನ್ನೂ ಮೊದಲಿನಿಂದ ಬರೆಯತೊಡಗುತ್ತಾನೆ, ಇಲ್ಲವೇ ಅಂಜದೆ ಮುಟ್ಟಿ ಕೆಡಿಸುತ್ತಾನೆ. (‘ಫೈನಲ್’, ‘ಫೈನಲ್ 2’, ‘ಕಟ್ಟಕಡೆಯ ಫೈನಲ್’ ಎಂದು ಕಡತಗಳಿಗೆ ನಾಮಕರಣ ಮಾಡುವ ನಮ್ಮ ಕಚೇರಿಗಳಲ್ಲಿ ಇವನಿಗೆ ಮಾರ್ಗದರ್ಶನ ಎಲ್ಲಿಂದ ದೊರೆತೀತು?)

ಸಾರ್ವಜನಿಕ ಧನದಿಂದ ವಿನ್ಯಾಸ ಮಾಡಿಸುವ ನಮ್ಮ ಇಲಾಖೆಗಳೂ ನಿಗಮಗಳೂ ಗುತ್ತಿಗೆಯ ಕರಾರಿನಲ್ಲಿಯೇ ಎರಡು ವಿಷಯಗಳನ್ನು ಸ್ಪಷ್ಟಪಡಿಸಬೇಕೆಂಬುದು ನನ್ನ ಅಭಿಪ್ರಾಯ: ಮೂಲಕಡತದೊಡನೆ ಸ್ಟೆಪ್ ರೂಪದ ಒಂದು ಪ್ರತಿಯೂ ಇಲಾಖೆಯ ವಶಕ್ಕೆ ಬರತಕ್ಕದ್ದು, ಮಾಡಿದ ಪ್ರತಿಯೊಂದು ತಿದ್ದುಪಡಿಗೂ ಕಾರಣವನ್ನು, ತಿದ್ದಿದವರ ಹೆಸರು ಮತ್ತು ದಿನಾಂಕಗಳೊಡನೆ, ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಬರೆದಿಡತಕ್ಕದ್ದು. ಪ್ರತಿ ಗಿರಾಕಿಗೂ ಒಂದೊಂದು ದುಬಾರಿ ತಂತ್ರಾಂಶವನ್ನು ಕೊಳ್ಳಲಾರದ ಪೀಣ್ಯದ ಸಣ್ಣ ಕಾರ್ಖಾನೆಯವನಿಗೂ ಇದರಿಂದ ಉಪಕಾರವಾದೀತು. ಇವೆರಡೂ ಕೈಸೇರುವವರೆಗೆ ಗುತ್ತಿಗೆದಾರರಿಗೆ ಕೊನೆಯ ಕಂತನ್ನು ಕೊಡಕೂಡದು.