ಗೊಬ್ಬರದಂಗಡಿಗೆ ತಕ್ಕ ಲೆಕ್ಕದ ತಂತ್ರಾಂಶ
ರಾಯಚೂರು ಜಿಲ್ಲೆಯ ಗೂಗಲ್, ದೇವದುರ್ಗ, ಮಾನ್ವಿಗಳ ಹತ್ತಿ ಮತ್ತು ಭತ್ತದ ಸೀಮೆಯಲ್ಲಿ ಬೀಜ, ಗೊಬ್ಬರ, ಕೀಟನಾಶಕ ಮಾರುವ ಅಂಗಡಿಯ ಲೆಕ್ಕವು ಕಿರಾಣಿ ಅಂಗಡಿಯ ಲೆಕ್ಕಕ್ಕಿಂತ ತೊಡಕಿನದು. ಒಬ್ಬನೇ ರೈತನ ಒಂದೇ ಖರೀದಿಯಲ್ಲಿ ಬಿತ್ತನೆ ಬೀಜಕ್ಕೆ ತೆರಿಗೆಯಿಲ್ಲ, ಯೂರಿಯಾಕ್ಕೆ ಶೇ. 5, ರಾಸಾಯನಿಕ ಕೀಟನಾಶಕಕ್ಕೆ ಶೇ. 18ರ ಜಿಎಸ್‌ಟಿ ಬೀಳುವುದಲ್ಲದೆ, ಪ್ರತಿ ಬಾಟಲಿಯ ಬ್ಯಾಚ್ ಸಂಖ್ಯೆಯನ್ನೂ ಅವಧಿ ಮುಗಿಯುವ ದಿನಾಂಕವನ್ನೂ ನಮೂದಿಸಬೇಕಾಗುತ್ತದೆ. ಆದ್ದರಿಂದ, 1986ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಯ ಟ್ಯಾಲಿಯಾಗಲಿ ಬೇರಾವುದೇ ತಂತ್ರಾಂಶವಾಗಲಿ, ಕೊಳ್ಳುವ ಮುನ್ನ ಇಂಥ ಮಿಶ್ರ ಬಿಲ್ಲೊಂದನ್ನು ಅದರಲ್ಲಿ ಹಾಕಿ ನೋಡುವುದೇ ಸರಿಯಾದ ಪರೀಕ್ಷೆ. ಅದಕ್ಕಿಂತ ಮುಖ್ಯವಾದುದು ಉದ್ರಿ, ಅಂದರೆ ಮುಂಗಾರಿನಲ್ಲಿ ಒಯ್ದ ಮಾಲಿನ ಹಣವನ್ನು ಹತ್ತಿ ಮಾರಿದ ಮೇಲೆ ತೀರಿಸುವ ಸಾಲದ ವ್ಯಾಪಾರ. ಹಳೆಯ ಖಾತೆ ಪುಸ್ತಕದಲ್ಲಿ ರೈತನ ಹೆಸರಿನ ಪುಟ ತೆಗೆದರೆ ಬಾಕಿ ಕಣ್ಣಿಗೆ ಬೀಳುತ್ತಿದ್ದಂತೆ, ತಂತ್ರಾಂಶದಲ್ಲಿ ಹೆಸರು ಮತ್ತು ಊರನ್ನು ಒತ್ತಿದೊಡನೆ ಕೊಟ್ಟದ್ದು, ಬಂದದ್ದು, ಉಳಿದದ್ದು ಕನ್ನಡದಲ್ಲಿ ಮುದ್ರಿತವಾಗಿ ರೈತನ ಕೈಗೆ ಸಿಗಬೇಕು, ಏಕೆಂದರೆ ಸಾಲಗಾರ ಓದಲಾರದ ಲೆಕ್ಕ ನ್ಯಾಯದ ಲೆಕ್ಕವಲ್ಲ. ಬೆಲೆಯ ವಿಚಾರ ಆಮೇಲಿನದು. ಜಿಎಸ್‌ಟಿ ನೋಂದಣಿಯಿರುವ ವ್ಯಾಪಾರಿ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕೆಂದು ಕಾನೂನು ಹೇಳುವುದರಿಂದ, ವರ್ಷದ ಚಂದಾ ನಿಲ್ಲಿಸಿದ ಮೇಲೆ ಹಳೆಯ ಲೆಕ್ಕವನ್ನು ಹೊರತೆಗೆದು ಬೇರೆಡೆ ಉಳಿಸಿಕೊಳ್ಳಲು ಬಿಡದ ತಂತ್ರಾಂಶವನ್ನು, ಅದು ಎಷ್ಟೇ ಅಗ್ಗವಾಗಿದ್ದರೂ, ಸಣ್ಣ ವ್ಯಾಪಾರಿ ಕೊಳ್ಳಬಾರದು.